ತೂಕದವನ ತೂಕ

"ನಿಮ್ದೆಷ್ಟು ತೂಕ ಐತೆ ದಯಣ್ಣ?" ಎಂದು ಬೈಕ್ ರಿಪೇರಿಯ ಮೈಲಾರಿ ಕೇಳಿದ್ದು ತೀರಾ ಸಾಮಾನ್ಯವಾದ ಪ್ರಶ್ನೆ. ದರ್ಜಿ ಅಳತೆ ಕೇಳುವ ಹಾಗೆ, ಸ್ಪ್ಯಾನರಿನ ಹಿಡಿಯಿಂದ ಬೆನ್ನು ಕೆರೆದುಕೊಳ್ಳುತ್ತ ಕೇಳಿದ್ದ. ಆದರೂ ದಯಾನಂದನ ಬಾಯಿ ಕಟ್ಟಿತು. ತಿಪಟೂರಿನ ಮಾರುಕಟ್ಟೆ ಯಾರ್ಡಿನಲ್ಲಿ ಕೊಬ್ಬರಿ ತೂಗುವುದೇ ಅವನ ಕೆಲಸ. ಹರಾಜಿನ ದಿನ ಚೀಲ ತಕ್ಕಡಿಗೆ ಏರುತ್ತಿದ್ದ ಹಾಗೆ ತೂಕವನ್ನು ಯಾರ್ಡಿಗೆಲ್ಲ ಕೇಳುವಂತೆ ಕೂಗುತ್ತಾನೆ, ಖಾಲಿ ಚೀಲದ್ದು ಇಷ್ಟು ಎಂದು ಕಳೆಯುತ್ತಾನೆ, ರೈತನಾಗಲಿ ದಲ್ಲಾಳಿಯಾಗಲಿ ಅವನ ಮಾತಿಗೆ ಎದುರಾಡಿದ್ದಿಲ್ಲ. ತೂಕದ ದಯಾನಂದ ಎಂದೇ ಅವನ ಹೆಸರು. ಅಂಥವನಿಗೆ ತನ್ನ ತೂಕ ಗೊತ್ತಿಲ್ಲವೇ? ಐವತ್ತೇಳು. ಮದುವೆಗೆ ಮೊದಲೂ ಐವತ್ತೇಳು, ಮದುವೆಯಾಗಿ ಎರಡು ವರ್ಷ ಹೆಂಡತಿಯ ಕೈಯ ಮುದ್ದೆ ಉಂಡ ಮೇಲೂ ಐವತ್ತೇಳು. ಹೇಳಲಿಕ್ಕೆಂದು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಮೈಲಾರಿ ಬೈಕಿನ ಹ್ಯಾಂಡಲ್ಲನ್ನು ಎರಡೂ ಕೈಯಿಂದ ಅದುಮಿದ. ಮುಂದಿನ ಫೋರ್ಕು ಕುಂಯ್ ಎಂದು ಕುಸಿದು, ಮೇಲೇಳಲು ಮನಸ್ಸಿಲ್ಲದಂತೆ ಅಲ್ಲೇ ನಿಂತಿತು. "ಹನುಮಂತಣ್ಣ ಎಂಬತ್ತೆಂಟು ಕೇಜಿ ಇದ್ದ ಕಣಣ್ಣ. ಅಂಥಾ ಆಳು ಕುಂತ್ರೂ ಇದು ಹಿಂಗೆ ತಲೆ ಬಗ್ಗಿಸ್ತಿರ್ಲಿಲ್ಲ, ನೋಡು" ಎಂದ.

ಹನುಮಂತರಾಜು ಎಂದರೆ ದಯಾನಂದನ ಹೆಂಡತಿ ಪದ್ಮಶ್ರೀಯ ಮೊದಲ ಗಂಡ. ಸುತ್ತಲ ಊರಿಗೆಲ್ಲ ಗುರುತಿದ್ದ ಕಬಡ್ಡಿ ಆಟಗಾರ, ಕಾಯಿಲೆ ಬಿದ್ದು ತೀರಿಕೊಂಡವನು. ಈ ಕಪ್ಪು ಆರೆಕ್ಸ್ ಬೈಕು ಅವನದು. ಪದ್ಮಶ್ರೀ ಎರಡನೇ ಮದುವೆಯಾಗಿ ಶೆಟ್ಟಿಕೆರೆಯ ಮನೆಗೆ ಬಂದಾಗ ಅವಳ ಎರಡು ಟ್ರಂಕಿನ ಹಿಂದೆ ಇದೂ ಬಂತು. "ಸುಮ್ನೆ ತುಕ್ಕು ಹಿಡೀತೈತೆ, ನೀವು ಓಡ್ಸ್ಕಳಿ" ಎಂದಿದ್ದಳು ಅವಳು, ಕೊಡೆಯೋ ಟಾರ್ಚೋ ಕೊಡುವಷ್ಟು ಹಗುರಾಗಿ. ಬೇಡ ಎನ್ನಬಹುದಾಗಿತ್ತು. ಬೇಡ ಎಂದಿದ್ದರೆ ಸತ್ತವನನ್ನು ಕಂಡರೆ ಇವನಿಗೆ ಆಗುವುದಿಲ್ಲ ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಅದಕ್ಕೇ ನಗುನಗುತ್ತ ಕೀಲಿ ತೆಗೆದುಕೊಂಡಿದ್ದ. ಅಂದಿನಿಂದ ಬೈಕು ಇವನನ್ನು ಹೊರುತ್ತಿದೆಯೋ ಇವನು ಬೈಕನ್ನು ಹೊರುತ್ತಿದ್ದಾನೋ ಹೇಳುವುದು ಕಷ್ಟ. ಅದರ ಸದ್ದು ಕೇಳಿದರೆ ಸಾಕು, ಬಸ್ ಸ್ಟ್ಯಾಂಡಿನ ಹೋಟೆಲಿನವನು ಒಳಗಿನಿಂದಲೇ "ಹನುಮಂತಣ್ಣನ ಗಾಡಿ ಬಂತು" ಎನ್ನುತ್ತಾನೆ. ಎದುರಿಗೆ ಬಂದವರು ಅಭ್ಯಾಸಬಲದಿಂದ ಕೈ ಎತ್ತಿ, ಮುಖ ನೋಡಿ, ಎತ್ತಿದ ಕೈಯಿಂದ ತಲೆ ಕೆರೆದುಕೊಂಡು ಹೋಗುತ್ತಾರೆ. ಹನುಮಂತರಾಜು ಇದನ್ನು ಕೈಯಿಂದ ಕಿಕ್ ಒತ್ತಿ ಸ್ಟಾರ್ಟ್ ಮಾಡುತ್ತಿದ್ದನಂತೆ, ಕಾಲೇ ಬೇಕಿರಲಿಲ್ಲವಂತೆ. ಕಬಡ್ಡಿಯಲ್ಲಿ ಮೂವರು ತಬ್ಬಿಕೊಂಡರೂ ಅವರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಿದ್ದನಂತೆ. ಊರಿನಲ್ಲಿ ಯಾರಿಗೂ ಬೇರೆ ಕಥೆಯೇ ಇಲ್ಲ. ಒಮ್ಮೆ ಮನೆಯ ಮುಂದೆಯೇ ನಾಲ್ಕು ಸಲ ಕಿಕ್ ಒದ್ದರೂ ಬೈಕು ಎದ್ದಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪದ್ಮಶ್ರೀ ಒಳಗೆ ಹೋದಳು. ಅವಳು ಒಳಗೆ ಹೋದದ್ದು ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದಿರಬಹುದು. ಆದರೂ ಆ ಹೊತ್ತಿನಿಂದ ರಾತ್ರಿ ಮಲಗುವ ತನಕ ದಯಾನಂದ ಅವಳೊಡನೆ ಮಾತಾಡಲಿಲ್ಲ.

"ಎರಡು ಜೊತೆ ಅವೆ" ಎಂದು ಮೈಲಾರಿ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿದ್ದ ಸ್ಪ್ರಿಂಗುಗಳನ್ನು ನೆಲದ ಮೇಲೆ ಬಿಚ್ಚಿಟ್ಟ. "ಇವು ಕಂಪನಿ ಅಳತೇವು. ನಿಮ್ಮಂಗೆ ಹಗುರ ಇರೋರಿಗೆ ಸರಿಯಾಯ್ತವೆ. ಇವು ದಪ್ಪ ತಂತೀವು, ಹಾಲಿನ ಕ್ಯಾನ್ ಹೊರೋರು, ತೆಂಗಿನಕಾಯಿ ಚೀಲ ಹಾಕ್ಕಂಡ್ ಓಡಾಡೋರು ಹಾಕ್ಸ್ಕತಾರೆ. ಹನುಮಂತಣ್ಣ ಇದ್ದಿದ್ರೆ ಕಣ್ಮುಚ್ಕಂಡು ಇವನ್ನೇ ಹಾಕ್ತಿದ್ದೆ." ದಯಾನಂದ ಕುಕ್ಕರಗಾಲಲ್ಲಿ ಕುಳಿತು ಎರಡನ್ನೂ ಎರಡು ಕೈಯಲ್ಲಿ ಎತ್ತಿ ನೋಡಿದ. ದಪ್ಪ ತಂತಿಯದು ಅಂಗೈಯಲ್ಲಿ ತಣ್ಣಗೆ ಭಾರವಾಗಿ ಕೂತಿತು. ನಿಮ್ಮಂಗೆ ಹಗುರ ಇರೋರು. ಈ ಮಾತನ್ನು ಅವನು ಬೈಗುಳ ಎಂದುಕೊಂಡು ಹೇಳಿದನೇ? ಇಲ್ಲ, ಮೈಲಾರಿಗೆ ಅಷ್ಟು ಬುದ್ಧಿಯಿಲ್ಲ, ಹೊಗಳಿಕೆಗೂ ಬೈಗುಳಕ್ಕೂ ಒಂದೇ ದನಿ ಅವನದು. ಹಾಗಾದರೆ ಇನ್ನೂ ಕೆಟ್ಟದಾಯಿತು, ಇದ್ದದ್ದನ್ನೇ ಹೇಳಿದ್ದಾನೆ. "ದಪ್ಪಂದೇ ಹಾಕು" ಎಂದ. ಮೈಲಾರಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಅಣ್ಣ, ಗಾಡಿ ಕಲ್ಲಾಯ್ತದೆ. ಸೊಂಟ ಹಿಡ್ಕಂತದೆ." "ಟ್ಯಾಂಕಿನ ಮೇಲೆ ದಿನಾ ಚೀಲ ಇಟ್ಕಂಡ್ ಹೋಗ್ತೀನಪ್ಪ. ಎಲ್ಲಾ ಸೇರಿ ಎಂಬತ್ತೆಂಟು ಬತ್ತದೆ" ಎಂದ ದಯಾನಂದ. ಚೀಲವೂ ಇರಲಿಲ್ಲ, ಏನೂ ಇರಲಿಲ್ಲ. ಎಂಬತ್ತೈದು ಎನ್ನಬಹುದಾಗಿತ್ತು, ತೊಂಬತ್ತು ಎನ್ನಬಹುದಾಗಿತ್ತು. ನಾಲಿಗೆ ನೆಟ್ಟಗೆ ಅಲ್ಲಿಗೇ ಹೋಗಿ ನಿಂತಿತು. ಯಾರ್ಡಿನಲ್ಲಿ ಕಾಲು ಕಿಲೋ ಹೆಚ್ಚು ಕೂಗಲು ಯಾರೋ ಆಮಿಷ ಒಡ್ಡಿದಾಗ ಅವರ ಜನ್ಮ ಜಾಲಾಡಿದ್ದ ಮನುಷ್ಯ ಅವನು. ಮೈಲಾರಿ ಕೈ ಒರೆಸಿಕೊಂಡು, "ತೂಕದೋರೇ ಹೇಳಿದ್ ಮೇಲೆ ನಂದೇನು, ಬುಡು" ಎಂದು ಕೆಲಸಕ್ಕೆ ಕೂತ.

ಇಂಜಿನ್ನಿನ ಅಡಿಗೆ ಮರದ ತುಂಡು ಕೊಟ್ಟು ಮುಂದಿನ ಚಕ್ರವನ್ನು ನೆಲದಿಂದ ಎತ್ತಿದ್ದಾಯಿತು. ಫೋರ್ಕಿನ ತಲೆಯ ಮೇಲಿನ ಬಿರಡೆಗಳು ವರ್ಷಗಳಿಂದ ಬಿಚ್ಚದೆ ಕಚ್ಚಿಕೊಂಡಿದ್ದವು. ಮೈಲಾರಿ ಸ್ಪ್ಯಾನರಿಗೆ ಪೈಪು ತೊಡಿಸಿ ಜೋತುಬಿದ್ದ. ಬಿರಡೆ ಬಂದ ಮೇಲೆ, ತುದಿ ಬಗ್ಗಿಸಿದ ಕಂಬಿಯನ್ನು ಕೊಳವೆಯೊಳಗೆ ಇಳಿಬಿಟ್ಟು, ಬಾವಿಗೆ ಬಿದ್ದ ಕೊಡ ಹುಡುಕುವವನ ಹಾಗೆ ಕಣ್ಣು ಎಲ್ಲೋ ಇಟ್ಟುಕೊಂಡು ತಡಕಾಡಿ, ಹಳೆಯ ಸ್ಪ್ರಿಂಗನ್ನು ಮೇಲೆಳೆದ. ಅದರ ಮೈಯಿಂದ ಕರ್ರಗಿನ ಎಣ್ಣೆ ತೊಟ್ಟಿಕ್ಕಿತು. ಕೆಳಗಿನ ತಿರುಪು ಬಿಚ್ಚಿದಾಗ ಉಳಿದ ಎಣ್ಣೆಯೂ ತಗಡಿನ ಡಬ್ಬಿಗೆ ಸುರಿಯಿತು, ಮೀನು ಕೊಳೆತ ವಾಸನೆ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟಾಗ ಹಳೆಯದು ಒಂದು ಬೆರಳಷ್ಟು ಗಿಡ್ಡವಾಗಿತ್ತು. ಇಷ್ಟು ದಿನ ತಾನು ಕೂತಿದ್ದು ಈ ಒಂದು ಬೆರಳಿನ ತಗ್ಗಿನಲ್ಲಿ. ಹನುಮಂತರಾಜು ಮಲಗಿ ಮಲಗಿ ತಗ್ಗು ಬಿದ್ದ ಹಾಸಿಗೆಯಲ್ಲೇ ತನ್ನನ್ನೂ ಮಲಗಿಸಿದ್ದಾರೆ ಎನ್ನಿಸಿ ದಯಾನಂದನ ಮೈ ಉರಿಯಿತು. ಆ ತಗ್ಗಿನಿಂದಲೇ ಅಲ್ಲವೇ ಅದು ಆಗುತ್ತಿದ್ದದ್ದು? ಪದ್ಮಶ್ರೀ ಹಿಂದೆ ಒಂದೇ ಕಡೆಗೆ ಕಾಲು ಹಾಕಿ, ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು, ನಡುವೆ ಒಂದು ಗೇಣು ಜಾಗ ಬಿಟ್ಟೇ ಕೂರುತ್ತಾಳೆ. ಅಂಗನವಾಡಿ ಟೀಚರು, ದಾರಿಯುದ್ದಕ್ಕೂ ಗುರುತಿನವರು, ನಾಚಿಕೆ. ಆದರೆ ಹಂಪು ಬಂದಾಗ ಬ್ರೇಕು ಹಿಡಿದರೆ ಬೈಕಿನ ಮೂತಿ ಬಗ್ಗಿ, ಅವಳು ಜಾರಿ ಬಂದು ಇವನ ಬೆನ್ನಿಗೆ ತಾಗಿ, "ಅಯ್ಯಯ್ಯೋ" ಎಂದು ಸಣ್ಣಗೆ ನಗುತ್ತಾಳೆ. ಮದುವೆಯಾದ ಹೊಸತರಲ್ಲಿ ದಯಾನಂದ ಹಂಪು ಇಲ್ಲದ ಕಡೆಯೂ ಬ್ರೇಕು ಹಿಡಿದದ್ದುಂಟು, ನಾಯಿ ಅಡ್ಡ ಬಂತು ಎಂದು ಸುಳ್ಳು ಹೇಳಿದ್ದುಂಟು. ಅಂಥ ಸುಖದ ಒಂದು ದಿನವೇ, ಹುಳಿಯಾರು ರಸ್ತೆಯಲ್ಲಿ, ಈ ನಗು ಇವಳು ಯಾರ ಬೆನ್ನಿಗೆ ತಾಗಿ ಕಲಿತದ್ದು ಎಂಬ ಯೋಚನೆ ಬಂದುಬಿಟ್ಟಿತು. ಎಂಬತ್ತೆಂಟು ಕಿಲೋದ ಬೆನ್ನು. ಕಣ್ಣು ಮುಚ್ಚಿಕೊಂಡು ಒರಗಿದರೆ ಅವಳಿಗೆ ವ್ಯತ್ಯಾಸ ತಿಳಿಯುವುದಿಲ್ಲವೇ? ತಿಳಿದರೂ ಕಷ್ಟ, ತಿಳಿಯದಿದ್ದರೂ ಕಷ್ಟ. ಅದಾದ ಮೇಲೆ ಬ್ರೇಕು ಹಿಡಿದಾಗಲೆಲ್ಲ ಅವನಿಗೆ ಬೆನ್ನಿನ ತುಂಬ ಇನ್ನೊಬ್ಬನೇ ಇರುತ್ತಿದ್ದ.

"ಈ ತುದೀಲಿ ಸುರುಳಿ ಒತ್ತೊತ್ತಾಗಿ ಅವೆ ನೋಡಿ, ಇದು ಮೇಲ್ಮುಖ ಬರ್ಬೇಕು" ಎನ್ನುತ್ತ ಮೈಲಾರಿ ಅಳತೆಯ ಲೋಟದಲ್ಲಿ ಹೊಸ ಎಣ್ಣೆ ಹುಯ್ದು, ಸ್ಪ್ರಿಂಗು ಇಳಿಸಿ, ಬಿರಡೆಯನ್ನು ಅದುಮಿ ತಿರುಗಿಸತೊಡಗಿದ. ದಪ್ಪ ತಂತಿ ಒಪ್ಪಲಿಲ್ಲ. ಎರಡು ಸಲ ಅವನ ಕೈಯಿಂದ ಚಿಮ್ಮಿತು. "ಬನ್ನಿ ಅಣ್ಣ, ನೀವೂ ಮೈಭಾರ ಬುಡಿ" ಎಂದು ಕರೆದ. ದಯಾನಂದ ಅಂಗೈಗೆ ಚಿಂದಿ ಸುತ್ತಿಕೊಂಡು ಬಿರಡೆಯ ಮೇಲೆ ಇದ್ದಬದ್ದ ಐವತ್ತೇಳು ಕಿಲೋವನ್ನೂ ಬಿಟ್ಟ. ಸ್ಪ್ರಿಂಗು ಅರ್ಧಕ್ಕೆ ಇಳಿದು ನಿಂತಿತು. ಮೈಲಾರಿ ಒಂದು ಸಲ ಅವನ ಮುಖ ನೋಡಿ, ಎದುರಿನ ಪಂಕ್ಚರ್ ಅಂಗಡಿಯವನನ್ನು ಕೂಗಿದ. ಆ ದಢೂತಿ ಬಂದು ಎಲೆ ಅಡಿಕೆ ಜಗಿಯುತ್ತಲೇ ಒಂದು ಕೈ ಇಟ್ಟ, ಬಿರಡೆ ಕೂತಿತು. ಹೊರಡುವಾಗ ದಯಾನಂದ ಹಳೆಯ ಸ್ಪ್ರಿಂಗುಗಳನ್ನು ಕೇಳಿ ತೆಗೆದುಕೊಂಡ. "ಗುಜರಿಗೂ ಬ್ಯಾಡ ಅವು, ಏನ್ ಮಾಡ್ತೀರಾ?" ಎಂದ ಮೈಲಾರಿ. ಏನು ಮಾಡಬೇಕೆಂದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ದಾರಿಯಲ್ಲಿ ನಾಲೆಯ ಸೇತುವೆಯ ಮೇಲೆ ಬೈಕು ನಿಲ್ಲಿಸಿ ಎರಡನ್ನೂ ಬೀಸಿ ಎಸೆದ. ನಾಲೆಗೆ ನೀರು ಬಿಟ್ಟಿರಲಿಲ್ಲ. ಸಿಮೆಂಟಿನ ಮೇಲೆ ಬಿದ್ದು ಅವು ಠಣಠಣ ಎಂದು ಕುಣಿದು, ಉರುಳಿ, ಎಲ್ಲರಿಗೂ ಕಾಣುವಂತೆ ನಡುಮಧ್ಯೆ ಒಂದರ ಪಕ್ಕ ಒಂದು ಮಲಗಿದವು. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕಿಯೊಬ್ಬಳು, "ಏನ್ಲಾ ಮಗಾ ಬಿತ್ತು?" ಎಂದು ಕೇಳಿದಳು. "ಏನಿಲ್ಲಜ್ಜಿ" ಎಂದು ಹೇಳಿ ಬೇಗ ಹೊರಟ.

ಮರುದಿನ ಭಾನುವಾರ ಪದ್ಮಶ್ರೀಯ ತಂಗಿ ಆಶಾಳ ಮನೆಗೆ, ಹಂದನಕೆರೆಗೆ, ಊಟಕ್ಕೆ ಹೋಗಬೇಕಿತ್ತು. ಬೈಕಿಗೆ ಏನು ಮಾಡಿಸಿದೆ ಎಂದು ದಯಾನಂದ ಹೇಳಲಿಲ್ಲ. ಅವಳೇ ಕಂಡುಹಿಡಿಯಲಿ ಎಂದಿದ್ದ. ಹೊರಟಾಗ ಎದೆಯಲ್ಲಿ ಹುರುಪೇ ಇತ್ತು. ಮೂತಿ ಎತ್ತಿಕೊಂಡು ನಿಂತ ಬೈಕಿನ ಮೇಲೆ ತಾನೂ ಎತ್ತರವಾದಂತೆ ಅನ್ನಿಸಿತು. ಮೊದಲ ಹಂಪಿನಲ್ಲಿ ಬ್ರೇಕು ಹಿಡಿದ. ಬೈಕು ಬಗ್ಗಲೇ ಇಲ್ಲ. ಅವಳು ಜಾರಲಿಲ್ಲ, ನಗಲೂ ಇಲ್ಲ. ಎರಡನೆಯದರಲ್ಲಿ ಗಟ್ಟಿಯಾಗಿ ಹಿಡಿದ. ಆ ಗೇಣು ಜಾಗ ಗೇಣಾಗಿಯೇ ಉಳಿಯಿತು. ಇದೇ ತಾನೆ ಬೇಕಾಗಿದ್ದದ್ದು, ಸತ್ತವನ ತಗ್ಗು ಮುಚ್ಚಿತಲ್ಲ ಎಂದುಕೊಂಡರೂ ಬೆನ್ನಿಗೆ ಗಾಳಿ ಮಾತ್ರ ತಾಗುವುದು ಯಾಕೋ ಹಿತವಾಗಲಿಲ್ಲ. ಟಾರು ಮುಗಿದು ಜಲ್ಲಿ ಎದ್ದ ರಸ್ತೆ ಶುರುವಾಯಿತು. ಒಂದೊಂದು ಗುಂಡಿಯೂ ಹ್ಯಾಂಡಲ್ಲಿನಿಂದ ಮೊಣಕೈಗೆ, ಮೊಣಕೈಯಿಂದ ಹಲ್ಲಿಗೆ ಬಂದು ಬಡಿಯತೊಡಗಿತು. ಹಗುರಾದ ಸವಾರನನ್ನು ಬೈಕು ಎತ್ತೆತ್ತಿ ಹಾಕುತ್ತಿತ್ತು. ಹಿಂದಿನಿಂದ ಪದ್ಮಶ್ರೀ ಅವನ ಹೆಗಲನ್ನು ಅಂಗಿ ಹರಿಯುವಷ್ಟು ಬಿಗಿಯಾಗಿ ಹಿಡಿದು, "ನಿಲ್ಸ್ರೀ, ನಿಲ್ಸ್ರೀ" ಎಂದು ಕೂಗಿದಳು. ನಿಲ್ಲಿಸಿದ. ಅವಳು ಇಳಿದು ಸೊಂಟಕ್ಕೆ ಕೈಕೊಟ್ಟು ಮೋರಿಯ ಕಟ್ಟೆಗೆ ಒರಗಿದಳು. ರಸ್ತೆಯ ಎರಡೂ ಬದಿಗೆ ತೆಂಗಿನ ತೋಟ, ಯಾರೂ ಇರಲಿಲ್ಲ.

"ಏನ್ ಮಾಡ್ಸಿದ್ರಿ ಇದಕ್ಕೆ?"

"ಮುಂದ್ಗಡೆ ಸ್ಪ್ರಿಂಗ್ ಹಾಕ್ಸಿದೆ. ಗಟ್ಟೀವು."

"ಅದಕ್ಕೇಯಾ. ಅವರ ಹಿಂದೆ ಕುಂತಂಗೇ ಆಯ್ತು ಕಣ್ರೀ."

ಅವಳು ಹನುಮಂತರಾಜುವಿನ ಹೆಸರು ಹೇಳುತ್ತಿರಲಿಲ್ಲ, ಅವರು ಎನ್ನುತ್ತಿದ್ದಳು. ಆ 'ಅವರು' ಎಂಬ ಮಾತು ಕಿವಿಗೆ ಬಿದ್ದರೆ ದಯಾನಂದನ ಹೊಟ್ಟೆಯಲ್ಲಿ ಎಂದಿನ ಕಿಚ್ಚು ಎದ್ದೇ ಏಳುತ್ತಿತ್ತು, ಈಗಲೂ ಎದ್ದಿತು. ಆದರೆ ಅದರ ಜೊತೆಗೇ, ಹೇಳಿಕೊಳ್ಳಲು ನಾಚಿಕೆಯಾಗುವಂಥ ಒಂದು ಹೆಮ್ಮೆಯೂ. "ಚೆನ್ನಾಗೈತೆ ಅಂತಾನಾ?" ಎಂದು ಕೇಳಿಯೇಬಿಟ್ಟ.

"ಚೆನ್ನಾಗಿರೋದು ಏನ್ ಬಂತು! ಹೊಟ್ಟೇಲಿರೋದೆಲ್ಲ ಬಾಯಿಗೆ ಬಂತು. ಅವರೂ ಹಿಂಗೇ, ಹಿಂದೆ ಒಬ್ಳು ಅವ್ಳೆ ಅಂತ ಜ್ಞಾನ ಇರ್ತಿರ್ಲಿಲ್ಲ. ಮನೆಗೆ ಹೋಗಿ ಬಿಸಿನೀರು ಕಾಯಿಸ್ಕಬೇಕಿತ್ತು. ನಿಮ್ಮ ಹಿಂದೆ ಕುಂತಾಗ್ಲೇ ನಂಗೆ ಗಾಡೀಲಿ ಕುಂತ್ರೆ ನಗು ಬತ್ತದೆ ಅಂತ ಗೊತ್ತಾಗಿದ್ದು." ಸೆರಗಿನಿಂದ ಮುಖ ಒರೆಸಿಕೊಂಡು, "ಮೈಲಾರಿ ತೂಕ ಕೇಳ್ದೆ ಹಾಕಲ್ವಲ್ಲ. ಎಷ್ಟು ಅಂದ್ರಿ?" ಎಂದಳು.

ದಯಾನಂದನಿಗೆ ಮೈಲಾರಿಯ ಮಾತು ಈಗ ಕೇಳಿಸಿತು. ಅಂಥಾ ಆಳು ಕುಂತ್ರೂ ತಲೆ ಬಗ್ಗಿಸ್ತಿರ್ಲಿಲ್ಲ ಎಂದಿದ್ದನಲ್ಲ. ಬಗ್ಗಿದ್ದು ತನ್ನ ಕಾಲದಲ್ಲಿ. ಜಾರಿದ್ದು, ಅಯ್ಯಯ್ಯೋ ಎಂದದ್ದು, ಎಲ್ಲ ತನ್ನ ಬೆನ್ನಿಗೇ. ಅದನ್ನು ಬೀಸಿ ಒಣನಾಲೆಗೆ ಎಸೆದು ಬಂದಿದ್ದಾನೆ. ಅರವತ್ತು ಅಂದೆ ಎಂದು ಸುಳ್ಳು ಹೇಳಲು ಹೊರಟ. ನಾಲಿಗೆ ಮತ್ತೆ ಅಲ್ಲಿಗೇ ಹೋಯಿತು. "ಎಂಬತ್ತೆಂಟು."

ಪದ್ಮಶ್ರೀ ನಗಲು ಬಾಯಿ ತೆರೆದವಳು ಹಾಗೇ ನಿಂತಳು. ಅವಳ ಮುಖದಲ್ಲಿ ಅರ್ಥ ಇಳಿಯುವುದನ್ನು ದಯಾನಂದ ಕಣ್ಣಾರೆ ಕಂಡ. ಬೈದಿದ್ದರೆ ಚೆನ್ನಾಗಿತ್ತು. ಎರಡು ವರ್ಷದಿಂದ ಮುಚ್ಚಿಟ್ಟುಕೊಂಡಿದ್ದ ಹೊಟ್ಟೆಕಿಚ್ಚು ಒಂದೇ ಅಂಕಿಯಲ್ಲಿ ಬೀದಿಗೆ ಬಿದ್ದಿತ್ತು.

"ಎಲ್ರೂ ಅದನ್ನೇ ಹೇಳ್ತಾರೆ" ಎಂದಳು ಕೊನೆಗೆ, ಕಟ್ಟೆಯ ಮೇಲೆ ಕೂತು. "ಕಬಡ್ಡಿ ಆಡೋವಾಗ ನೋಡಿದೋರೆಲ್ಲ ಎಂಬತ್ತೆಂಟು ಅಂತಾರೆ. ಕಾಮಾಲೆ ಆದ್ಮೇಲೆ ಯಾರೂ ಬಂದು ನೋಡ್ಲಿಲ್ಲ. ಕಡೇ ಸಲ ಆಸ್ಪತ್ರೇಲಿ ತೂಕ ನೋಡ್ಬೇಕು ಅಂದ್ರು. ಅವರಿಗೆ ನಿಂತ್ಕಳಕ್ಕಾಗ್ತಿರ್ಲಿಲ್ಲ. ನರ್ಸು ಮೊದ್ಲು ನನ್ನೊಬ್ಳನ್ನೇ ತೂಕದ ಮೇಲೆ ನಿಲ್ಲಿಸಿದ್ಲು. ಆಮೇಲೆ, ಅವರನ್ನ ಎತ್ಕಂಡು ನಿಂತ್ಕಳಮ್ಮ ಅಂದ್ಲು. ಎತ್ಕಂಡೆ. ಅಂಥಾ ಆಳು ಕಣ್ರೀ, ಕೂಸಿನಂಗೆ ಬಂದ್ರು. ತಲೆ ಇಲ್ಲಿಟ್ಕಂಡಿದ್ರು." ಅವಳು ತನ್ನ ಎಡಹೆಗಲನ್ನು ಮುಟ್ಟಿಕೊಂಡಳು. "ನಿಮ್ಮ ಯಾರ್ಡಲ್ಲಿ ಚೀಲದ್ದು ಕಳೀತೀರಲ್ಲ, ಹಂಗೆ ನಂದು ಕಳೆದ್ರು. ನಲವತ್ತೊಂದು ಉಳೀತು."

ತೆಂಗಿನ ಗರಿಯೊಂದು ತೋಟದೊಳಗೆಲ್ಲೋ ಕಳಚಿ ಬಿತ್ತು. ದಯಾನಂದ ಹ್ಯಾಂಡಲ್ಲು ಬಿಟ್ಟಿರಲಿಲ್ಲ.

"ಅವರದು ಯಾವ ತೂಕ ಬೇಕಿತ್ತು ನಿಮಗೆ? ಎಂಬತ್ತೆಂಟಾ, ನಲವತ್ತೊಂದಾ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಗನವಾಡಿಯ ಮಕ್ಕಳಿಗೆ ಕೇಳುವ ಹಾಗೆ ಉತ್ತರಕ್ಕೆ ಕಾದಳು. ಅವನು ಹ್ಯಾಂಡಲ್ಲಿನ ಧೂಳು ಒರೆಸತೊಡಗಿದಾಗ, "ಹೋಗ್ಲಿ, ನಿಮ್ದೆಷ್ಟು?" ಎಂದಳು.

"ಐವತ್ತೇಳು." ಯಾರ್ಡಿಗೆಲ್ಲ ಕೇಳುವ ಗಂಟಲು ಅವಳಿಗೆ ಕೇಳಿಸಿದ್ದೇ ಕಷ್ಟ.

"ನಾಳೆ ಹೋಗಿ ಮೈಲಾರಿಗೆ ಅದನ್ನ ಹೇಳಿ. ಟಾರ್ ರೋಡ್ ಬರೋಗಂಟ ನಾನು ನಡ್ಕಂಡೇ ಬತ್ತೀನಿ." ಅವಳು ಎದ್ದು, ಬ್ಯಾಗನ್ನು ಬಲಗೈಗೆ ಬದಲಾಯಿಸಿ, ಜಲ್ಲಿ ತಪ್ಪಿಸಿಕೊಂಡು ಅಂಚಿನಲ್ಲಿ ನಡೆಯತೊಡಗಿದಳು.

ದಯಾನಂದ ಬೈಕನ್ನು ತಳ್ಳಿಕೊಂಡು ಹಿಂದೆ ನಡೆದ. ನಾಚಿಕೆಯಾಗಿತ್ತು, ಬೇಕಾದಷ್ಟು ಆಗಿತ್ತು. ಸತ್ತವನ ಮೇಲೆ ಮರುಕವೂ ಬಂತು, ಪಾಪ, ಅಂಥ ಮನುಷ್ಯ. ಇನ್ನು ಆ ಎಂಬತ್ತೆಂಟು ತನ್ನನ್ನು ಕಾಡುವುದಿಲ್ಲ ಎಂದು ಸಮಾಧಾನವೂ ಆಗಬೇಕಿತ್ತು. ಆದರೆ ಅವನ ಕಣ್ಣು ಮುಂದೆ ಹೋಗುತ್ತಿದ್ದ ಅವಳ ಎಡಹೆಗಲನ್ನೇ ಹಿಡಿದುಕೊಂಡಿತ್ತು. ಅಲ್ಲಿ ಒಂದು ತಲೆ ಇತ್ತು. ಅವಳು ಎರಡು ಕೈಯಲ್ಲಿ ಅವನನ್ನು ಎತ್ತಿಕೊಂಡು ನಿಂತಿದ್ದಳು, ಎಲ್ಲರೆದುರಿಗೆ, ನಾಚಿಕೆಯಿಲ್ಲದೆ, ನಡುವೆ ಗೇಣು ಜಾಗವೂ ಇಲ್ಲದೆ. ಬೆನ್ನಿಗೆ ತಾಗುವುದು, ನಗುವುದು, ಅದೆಲ್ಲ ಏನು ಮಹಾ. ಹೊಟ್ಟೆಯಲ್ಲಿ ಹಳೆಯ ಕಿಚ್ಚು ಹೊಸ ಜಾಗ ಹುಡುಕಿಕೊಂಡು ಆರಾಮವಾಗಿ ಕೂರುವುದು ಅವನಿಗೆ ತಿಳಿಯುತ್ತಿತ್ತು. ಹಾಗೆ ಎತ್ತಿಕೊಳ್ಳಲು ಐವತ್ತೇಳು ಕಿಲೋ ಬಹಳ ಜಾಸ್ತಿಯಾಯಿತು ಎನ್ನಿಸಿತು.